ಅಪ್ಪ ಎಲ್ಲಿ ಹುಟ್ಟಿದ್ದು?

(ಸುಳ್ಯದಲ್ಲಿ ಓದುಗರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅವತ್ತು ಸಮಯ ಸಾಲದೆ ಬಿಟ್ಟ ಕೆಲವು ವಿವರಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಓಟು ಮತ್ತು ಪೌರತ್ವ ಕಳೆದುಕೊಂಡವರ ಬಗ್ಗೆ ಮಾತಾಡಿ ಅಂತ ನೀವು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಬ್ಬ ಅಜ್ಜಿಯ ಬೆರಳು. ನಾನು ಕಾನೂನು ಓದಿದವಳಲ್ಲ. ಈ ತಾಲೂಕಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಮಕ್ಕಳಿಗೆ ಪಾಠ ಹೇಳಿದವಳು. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡುತ್ತೇನೆ.

1989ರ ಚುನಾವಣೆ. ನನಗೆ ಮೊದಲ ಸಲ ಎಲೆಕ್ಷನ್ ಡ್ಯೂಟಿ ಬಿದ್ದಿತ್ತು. ಬೆರಳಿಗೆ ಶಾಯಿ ಹಚ್ಚುವ ಕೆಲಸ. ಮತಗಟ್ಟೆಯ ಬಾಗಿಲು ತೆರೆಯುವ ಮೊದಲೇ ಹೊರಗೆ ಸಾಲು ಇತ್ತು. ಆ ಸಾಲಿನ ಮುಂದಿನ ಹತ್ತಿಪ್ಪತ್ತು ಜನ ರಬ್ಬರ್ ತೋಟದ ಕಾಲೊನಿಯವರು, ಅದರಲ್ಲೂ ವಯಸ್ಸಾದ ಹೆಂಗಸರು. ತಲೆಗೆ ಎಣ್ಣೆ ಹಾಕಿ ಬಾಚಿ, ಹಬ್ಬಕ್ಕೆ ಉಡುವಂಥ ಸೀರೆ ಉಟ್ಟು ಬಂದಿದ್ದರು. ಒಬ್ಬ ಅಜ್ಜಿ ಬೆರಳು ಮುಂದೆ ಚಾಚಿದರು. ನಾನು ಹಚ್ಚಿದೆ. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ. "ಇನ್ನೂ ಸ್ವಲ್ಪ ಹಾಕಿ ಟೀಚರ್, ಬೇಗ ಹೋಗ್ಬಾರ್ದು" ಅಂದರು.

ನನಗೆ ಅರ್ಥವಾಗಲಿಲ್ಲ. ಹಿಂದೆ ಸಾಲು ಬೇರೆ ಬೆಳೆಯುತ್ತಿತ್ತು. ಅವರ ಮೊಮ್ಮಗಳು ನಮ್ಮ ಶಾಲೆಯ ಹುಡುಗಿ. ಹಾಗಾಗಿ ಆಮೇಲೆ ಅವರ ಮನೆಗೆ ಹೋಗಿ ಬರುವ ಬಳಕೆ ಆಯಿತು. ಒಂದು ದಿನ ಕೇಳಿಯೇ ಬಿಟ್ಟೆ. ಅವರು ಹೇಳಿದ್ದು ಇಷ್ಟೇ. ಮೊದಲ ಓಟು ಹಾಕಿದ್ದು 1947ರಲ್ಲಿ, ಸಿಲೋನಿನಲ್ಲಿ ಅಂದರೆ ಈಗಿನ ಶ್ರೀಲಂಕಾದಲ್ಲಿ, ಇಪ್ಪತ್ತೊಂದು ತುಂಬಿದ ವರ್ಷ. ಎರಡನೆಯ ಓಟು 1978ರಲ್ಲಿ, ಇದೇ ಸುಳ್ಯ ತಾಲೂಕಿನಲ್ಲಿ. ಮಧ್ಯೆ 31 ವರ್ಷ. ಆ 31 ವರ್ಷ ಅವರು ದುಡಿದರು, ಹೆತ್ತರು, ಸಾಕಿದರು. ಓಟು ಮಾತ್ರ ಇರಲಿಲ್ಲ. ಹೆಚ್ಚು ಕಡಿಮೆ ಅಷ್ಟೂ ಕಾಲ ಯಾವ ದೇಶವೂ ಅವರನ್ನು ತನ್ನವಳು ಅನ್ನಲಿಲ್ಲ.

ಅವರು ಮಾಡಿದ ತಪ್ಪೇನು? ಅಪ್ಪ ಹುಟ್ಟಿದ್ದು ಬೇರೆ ಕಡೆ. ಅಷ್ಟೇ.

ನಮ್ಮ ಊರಿನವರಿಗೆ ಈ ಜನ ಗೊತ್ತು. ಸಿಲೋನಿನವರು ಅನ್ನುತ್ತೇವೆ, ಸಿಆರ್‌ಸಿ ಕಾಲೊನಿಯವರು ಅನ್ನುತ್ತೇವೆ, ಸಿಲೋನಿನಿಂದ ವಾಪಸು ಬಂದವರ ಕಾಲೊನಿ ಅಂತ. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗ್‌ಗೆ ಹೋಗುವವರು. ಆದರೆ ಇವರು ಇಲ್ಲಿಗೆ ಯಾಕೆ ಬಂದರು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೇ ಗೊತ್ತಿರಲಿಲ್ಲ. ಯುದ್ಧಕ್ಕೆ ಹೆದರಿ ಓಡಿ ಬಂದವರು ಅಂದುಕೊಂಡಿದ್ದೆ. ಅದು ತಪ್ಪು. ಇವರಲ್ಲಿ ಹೆಚ್ಚಿನವರು ಬಂದದ್ದು ಅಲ್ಲಿ ತಮಿಳರ ವಿರುದ್ಧ ನಡೆದ 1983ರ ಗಲಭೆಗೆ ಎಷ್ಟೋ ಮೊದಲು, ಎರಡು ಸರ್ಕಾರಗಳ ಒಪ್ಪಂದದ ಪ್ರಕಾರ, ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಹಿಡಿದುಕೊಂಡು. ಇವರನ್ನು ನಿರಾಶ್ರಿತರು ಅನ್ನುವುದು ಸರಿಯಲ್ಲ. ಆ ಮಾತು ಅವರಿಗೆ ನೋವು ಕೊಡುತ್ತದೆ. ಅವರು ಈ ದೇಶದ ಪ್ರಜೆಗಳಾಗಿಯೇ ಹಡಗಿನಿಂದ ಇಳಿದವರು.

ಸ್ವಲ್ಪ ಹಿಂದಕ್ಕೆ ಹೋಗೋಣ.

ಬ್ರಿಟಿಷರು ಸಿಲೋನಿನ ನಡುವಿನ ಬೆಟ್ಟಗಳಲ್ಲಿ ಕಾಫಿ ತೋಟ ಮಾಡಲು ಹೊರಟದ್ದು 1820ರ ಆಸುಪಾಸಿನಲ್ಲಿ. ಕೆಲಸಕ್ಕೆ ಜನ ಬೇಕಿತ್ತು. ಅವರನ್ನು ತಂದದ್ದು ತಮಿಳು ಸೀಮೆಯಿಂದ. ತಿರುಚಿನಾಪಳ್ಳಿ, ಮಧುರೆ, ರಾಮನಾಡು, ಸೇಲಂ ಕಡೆಯ ಬರಗಾಲದ ಹಳ್ಳಿಗಳಿಂದ. ಅದರಲ್ಲಿ ಬಹಳ ಮಂದಿ ದಲಿತರು. ದೋಣಿಯಲ್ಲಿ ಮನ್ನಾರ್ ಕಡೆಗೆ ದಾಟಿ, ಅಲ್ಲಿಂದ ಕಾಡಿನ ದಾರಿಯಲ್ಲಿ ಮಾತಳೆಯವರೆಗೆ ನಡಿಗೆ. ಆ ದಾರಿಯಲ್ಲಿ ಕಾಲರಾ, ಮಲೇರಿಯಾ ಬಂದು ಸತ್ತವರಿಗೆ ಲೆಕ್ಕವೇ ಇಲ್ಲ. 1869ರಲ್ಲಿ ಕಾಫಿಗೆ ಎಲೆರೋಗ ತಗುಲಿತು. ಮುಂದಿನ ವರ್ಷಗಳಲ್ಲಿ ಕಾಫಿ ನೆಲ ಕಚ್ಚಿತು, ಚಹಾ ಬಂತು. ಕಾಫಿಗೆ ಸುಗ್ಗಿಯಲ್ಲಿ ಮಾತ್ರ ಜಾಸ್ತಿ ಜನ ಸಾಕು. ಚಹಾ ಹಾಗಲ್ಲ, ವರ್ಷವಿಡೀ ಚಿಗುರು ಕೀಳಬೇಕು. ಹಾಗಾಗಿ ಬಂದು ಹೋಗುತ್ತಿದ್ದವರು ಕುಟುಂಬ ಸಮೇತ ಅಲ್ಲೇ ನೆಲೆಯಾದರು. ಸಾಲು ಮನೆ, ಒಂದೊಂದು ಕುಟುಂಬಕ್ಕೆ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ. ಅದನ್ನು ಅವರು ಲಯ ಅನ್ನುತ್ತಾರೆ.

ಆಳು ತರುತ್ತಿದ್ದವನು ಕಂಗಾಣಿ. ದಾರಿ ಖರ್ಚಿಗೆ ಅವನು ಕೊಟ್ಟದ್ದೇ ಸಾಲ. ಸಾಲ ತೀರುವ ತನಕ ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ. ಹೋಗಬೇಕಾದರೆ ಹಳೆಯ ತೋಟದಿಂದ ಒಂದು ಚೀಟಿ ಬೇಕು, ಅದರಲ್ಲಿ ಎಷ್ಟು ಸಾಲ ಬಾಕಿ ಅಂತ ಬರೆದಿರುತ್ತಿತ್ತು. ಅದರ ಹೆಸರು ತುಂಡು. ನಮ್ಮ ಕನ್ನಡದ ತುಂಡೇ. 1921ರಲ್ಲಿ ಕಾನೂನು ಮಾಡಿ ಅದನ್ನು ತೆಗೆದರು. ಈ ತುಂಡನ್ನು ಯಾಕೆ ಹೇಳಿದೆ ಅಂದರೆ, ಈ ಜನರ ಬದುಕು ಮೊದಲಿನಿಂದಲೂ ಇನ್ನೊಬ್ಬರು ಬರೆದ ಚೀಟಿಯ ಮೇಲೆ ನಿಂತಿತ್ತು. ಅವರ ಕೈಯಲ್ಲಿದ್ದ ಒಂದೇ ಕಾಗದ ಸಾಲದ ಕಾಗದ. ಹುಟ್ಟಿದ್ದು ಎಲ್ಲಿ, ಬಂದದ್ದು ಯಾವಾಗ ಅಂತ ಬರೆದಿಡುವವರು ಯಾರಿದ್ದರು?

1931ರಲ್ಲಿ ಸಿಲೋನಿಗೆ ಡೊನೊಮೋರ್ ಸಂವಿಧಾನ ಬಂತು. ಇಪ್ಪತ್ತೊಂದು ದಾಟಿದ ಗಂಡಸು, ಹೆಂಗಸು ಎಲ್ಲರಿಗೂ ಓಟು. ಏಷ್ಯಾದಲ್ಲೇ ಅದು ಮೊದಲು. ನಮಗೆ ಅಂಥದ್ದು ಸಿಕ್ಕಿದ್ದು ಇನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ. ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಗಂಡಸರ ಸಮನಾಗಿ ಓಟು ಸಿಕ್ಕಿ ಆಗ ಮೂರೇ ವರ್ಷವಾಗಿತ್ತು. ಅಂಥ ಕಾಲದಲ್ಲಿ ಚಹಾ ಕೀಳುವ ಹೆಂಗಸಿಗೆ ಓಟು! ತೋಟದವರಿಗೆ ಇಲ್ಲೇ ನೆಲೆ ನಿಂತವರು ಎಂದು ತೋರಿಸಬೇಕು ಎಂಬ ಷರತ್ತು ಇತ್ತು ನಿಜ. ಆದರೂ ಬಹಳ ಜನ ಪಟ್ಟಿಗೆ ಬಂದರು.

1947ರ ಚುನಾವಣೆ ನಡೆದದ್ದು ಸ್ವಾತಂತ್ರ್ಯದ ಹೊಸ್ತಿಲಲ್ಲಿ. 95 ಸ್ಥಾನ. ತೋಟದವರ ಪಕ್ಷ ಸಿಲೋನ್ ಇಂಡಿಯನ್ ಕಾಂಗ್ರೆಸ್. 1939ರಲ್ಲಿ, ನೆಹರೂ ಅಲ್ಲಿಗೆ ಹೋಗಿದ್ದಾಗ ಹುಟ್ಟಿದ್ದು. ಬೆಟ್ಟದ ಕ್ಷೇತ್ರಗಳಲ್ಲಿ ಅದರ ಅಭ್ಯರ್ಥಿಗಳು ಗೆದ್ದರು. ನುವರ ಎಲಿಯದಿಂದ ಗೆದ್ದವರು ಸೌಮ್ಯಮೂರ್ತಿ ತೊಂಡಮಾನ್. ಬೇರೆ ಎಷ್ಟೋ ಕಡೆ ತೋಟದವರ ಓಟು ಎಡಪಕ್ಷಗಳಿಗೆ ಹೋಯಿತು. ನಮ್ಮ ಅಜ್ಜಿಯೂ ಆ ಸಲವೇ ಓಟು ಹಾಕಿದ್ದು. ಅಪ್ಪ, ಚಿಕ್ಕಪ್ಪ ಎಲ್ಲ ಸೇರಿ ಮೂರು ಮೈಲಿ ನಡೆದು ಹೋಗಿದ್ದರಂತೆ. ಯಾರಿಗೆ ಹಾಕಿದ್ದು ಅಂತ ನಾನು ಕೇಳಲಿಲ್ಲ.

ಆ ಓಟೇ ಅವರಿಗೆ ಮುಳುವಾಯಿತು.

1948ರ ಫೆಬ್ರವರಿ 4ಕ್ಕೆ ಸಿಲೋನ್ ಸ್ವತಂತ್ರವಾಯಿತು. ಪ್ರಧಾನಿ ಡಿ.ಎಸ್. ಸೇನಾನಾಯಕೆ. ಅದೇ ವರ್ಷ ಹೊಸ ಸಂಸತ್ತು ಪೌರತ್ವ ಕಾಯ್ದೆ ಮಾಡಿತು. 1948ರ 18ನೇ ಕಾಯ್ದೆ, ಜಾರಿಗೆ ಬಂದದ್ದು ನವೆಂಬರ್ 15ಕ್ಕೆ. ಅದರ ಕೆಲಸ ಹೇಗೆ ಅಂತ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕಥೆ ಇಲ್ಲೇ ಇದೆ.

ನೀವು ಸಿಲೋನಿನಲ್ಲೇ ಹುಟ್ಟಿದ್ದೀರಿ ಅಂದುಕೊಳ್ಳಿ. ಅಷ್ಟು ಸಾಲದು. ನಿಮ್ಮ ಅಪ್ಪನೂ ಅಲ್ಲೇ ಹುಟ್ಟಿರಬೇಕು. ಇಲ್ಲವೇ ಅಪ್ಪನ ಅಪ್ಪ ಮತ್ತು ಅವರ ಅಪ್ಪ, ಇಬ್ಬರೂ ಅಲ್ಲೇ ಹುಟ್ಟಿರಬೇಕು. ಅಮ್ಮ ಎಲ್ಲಿ ಹುಟ್ಟಿದರು ಅನ್ನುವುದು ಲೆಕ್ಕಕ್ಕೇ ಇಲ್ಲ. ಇದನ್ನು ನೀವೇ ತೋರಿಸಬೇಕು. ಇಲ್ಲಿ ಕೂತಿರುವವರನ್ನು ಒಂದು ಮಾತು ಕೇಳುತ್ತೇನೆ. ನಿಮ್ಮ ಅಜ್ಜ ಹುಟ್ಟಿದ್ದಕ್ಕೆ ಕಾಗದ ಯಾರ ಮನೆಯಲ್ಲಿದೆ? ಕೈ ಎತ್ತಿ. (ಸಭೆಯಲ್ಲಿ ಒಬ್ಬರೂ ಎತ್ತಲಿಲ್ಲ.) ನನ್ನ ಮನೆಯಲ್ಲೂ ಇಲ್ಲ. ನಮ್ಮ ಅಪ್ಪನ ಜನ್ಮದಿನವನ್ನೇ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಸಿಂಹಳದ ರೈತನ ಹತ್ತಿರವೂ ಆ ಕಾಗದ ಇರಲಿಲ್ಲ. ಆದರೆ ಅವನನ್ನು ಯಾರೂ ಕೇಳಲಿಲ್ಲ. ಕಾನೂನಿನ ಅಕ್ಷರದಲ್ಲಿ ತಮಿಳರು ಅಂತ ಎಲ್ಲೂ ಇಲ್ಲ, ತೋಟದವರು ಅಂತಲೂ ಇಲ್ಲ. ಓದಿದರೆ ಎಲ್ಲರಿಗೂ ಒಂದೇ. ಕೇಳಿದ್ದು ಮಾತ್ರ ಇವರನ್ನು.

ಅಜ್ಜಿ ಹುಟ್ಟಿದ್ದು ಬದುಳ್ಳದ ಹತ್ತಿರದ ತೋಟದಲ್ಲಿ. ಅವರ ಅಮ್ಮ ಹುಟ್ಟಿದ್ದೂ ಅಲ್ಲೇ. ಅಪ್ಪ ಮಾತ್ರ ತಿರುಚಿನಾಪಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಐದು ವರ್ಷದ ಮಗುವಾಗಿ ಬಂದವರು. ಆಯಿತು. ಅಪ್ಪನಿಗಿಲ್ಲ, ಮಗಳಿಗೂ ಇಲ್ಲ.

1949ರಲ್ಲಿ ಇನ್ನೆರಡು ಕಾಯ್ದೆ ಬಂದವು. ಒಂದು, ಭಾರತ ಮತ್ತು ಪಾಕಿಸ್ತಾನ ಮೂಲದ ನಿವಾಸಿಗಳು ಅರ್ಜಿ ಹಾಕಿ ಪೌರತ್ವ ಪಡೆಯಬಹುದು ಅನ್ನುವುದು. ಮದುವೆಯಾದವರಿಗೆ ಏಳು ವರ್ಷ, ಆಗದವರಿಗೆ ಹತ್ತು ವರ್ಷ ಬಿಡದೆ ಅಲ್ಲಿ ವಾಸ ಇದ್ದದ್ದಕ್ಕೆ ಪುರಾವೆ ಬೇಕು. ಆದಾಯ ಇದೆ ಅಂತ ತೋರಿಸಬೇಕು. ಮಧ್ಯದಲ್ಲಿ ಊರಿಗೆ ಹೋಗಿ ಬಹಳ ಕಾಲ ಉಳಿದಿದ್ದರೆ ಲೆಕ್ಕ ಕಡಿಯಿತು. ತೋಟದವರ ಪಕ್ಷದವರು ಮೊದಲು ಈ ಅರ್ಜಿಯೇ ಬೇಡ ಅಂತ ಬಹಿಷ್ಕಾರ ಹಾಕಿದರು, ಕೊನೆಕೊನೆಗೆ ಹಾಕಿ ಅಂದರು. ಗಡುವು 1951ರ ಆಗಸ್ಟ್ ತನಕ. ಎಂಟು ಲಕ್ಷಕ್ಕೂ ಹೆಚ್ಚು ಜನರ ಪರವಾಗಿ ಅರ್ಜಿ ಬಿದ್ದವು. ವರ್ಷಗಟ್ಟಲೆ ವಿಚಾರಣೆ ನಡೆದು, ಕೊನೆಗೆ ಸಿಕ್ಕಿದ್ದು ಅದರಲ್ಲಿ ಸಣ್ಣದೊಂದು ಪಾಲಿಗೆ. ಎರಡನೆಯ ಕಾಯ್ದೆ ಚುನಾವಣೆಯದ್ದು. ಪೌರರಲ್ಲದವರ ಹೆಸರು ಮತದಾರರ ಪಟ್ಟಿಯಲ್ಲಿ ಇರಕೂಡದು. ಮೊದಲು ಪೌರತ್ವ, ಆಮೇಲೆ ಓಟು, ಹೀಗೆ ಎರಡೇ ಹೆಜ್ಜೆಯಲ್ಲಿ ಸುಮಾರು 7 ಲಕ್ಷ ಜನ ಹೊರಗಾದರು. 1952ರ ಚುನಾವಣೆಯಲ್ಲಿ ತೋಟದವರ ಪಕ್ಷದಿಂದ ಒಬ್ಬರೂ ಸಂಸತ್ತಿಗೆ ಹೋಗಲಿಲ್ಲ. ತೊಂಡಮಾನ್ ಮತ್ತು ಜೊತೆಗಾರರು ಕೊಲಂಬೊದಲ್ಲಿ ತಿಂಗಳುಗಟ್ಟಲೆ ಸತ್ಯಾಗ್ರಹ ಕೂತರು. ಏನೂ ಬದಲಾಗಲಿಲ್ಲ.

ಇದರಲ್ಲಿ ನನ್ನನ್ನು ಜಾಸ್ತಿ ಕಾಡುವ ಒಂದು ಸಂಗತಿ ಇದೆ. ಸಂಸತ್ತಿನ ಕ್ಷೇತ್ರಗಳನ್ನು ಹಂಚುತ್ತಿದ್ದದ್ದು ಜನಸಂಖ್ಯೆ ನೋಡಿ. 75,000 ಜನಕ್ಕೆ ಒಂದು ಸ್ಥಾನ. ಆ ಲೆಕ್ಕದಲ್ಲಿ ತೋಟದವರನ್ನೂ ಎಣಿಸುತ್ತಿದ್ದರು! ಅಂದರೆ ಅವರ ತಲೆ ಎಣಿಸಿ ಬೆಟ್ಟದ ಜಿಲ್ಲೆಗಳಿಗೆ ಸ್ಥಾನ ಕೊಟ್ಟರು, ಆ ಸ್ಥಾನಕ್ಕೆ ಯಾರನ್ನು ಕಳಿಸಬೇಕು ಅಂತ ತೀರ್ಮಾನ ಮಾಡುವವರು ಅಕ್ಕಪಕ್ಕದ ಹಳ್ಳಿಯವರು. ಇವರು ಇರುವುದರಿಂದಲೇ ಇವರ ವಿರುದ್ಧ ಇದ್ದವರ ಬಲ ಹೆಚ್ಚಾಯಿತು. ಓಟು ಕಳೆದುಕೊಂಡರೆ ಒಬ್ಬರ ದನಿ ಹೋಗುತ್ತದೆ ಅಂತ ಮಾತ್ರ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಆ ದನಿಯನ್ನು ತೆಗೆದು ಇನ್ನೊಬ್ಬರ ಗಂಟಲಿಗೆ ಹಾಕಿದ್ದರು.

ಇದನ್ನು ಮಾಡಿದವರು ಯಾಕೆ ಮಾಡಿದರು? ಒಂದು ಕಾರಣ ಲೆಕ್ಕಾಚಾರ, ಇವರ ಓಟು ತಮಗೆ ಬೀಳುವುದಿಲ್ಲ ಅನ್ನುವುದು. ಇನ್ನೊಂದನ್ನೂ ಹೇಳಬೇಕು, ಹೇಳದಿದ್ದರೆ ಅನ್ಯಾಯ. ಕಂಡಿ ಸೀಮೆಯ ಸಿಂಹಳ ರೈತರು ನಿಜವಾಗಿ ಪೆಟ್ಟು ತಿಂದವರು. 1840ರಲ್ಲಿ ಬ್ರಿಟಿಷರು ಕಾನೂನು ಮಾಡಿ, ಪತ್ರ ಇಲ್ಲದ ಭೂಮಿಯೆಲ್ಲ ಸರ್ಕಾರದ್ದು ಅಂದರು. ಆ ಭೂಮಿ ತೋಟದ ದೊರೆಗಳಿಗೆ ಹೋಯಿತು. ಅಲ್ಲೂ ಕಾಗದ ತೋರಿಸು ಅಂತಲೇ ಕೇಳಿದ್ದು ನೋಡಿ. ಭೂಮಿ ಹೋದ ಸಿಟ್ಟು ದೊರೆಯ ಮೇಲೆ ತೀರಲಿಲ್ಲ. ಆ ಭೂಮಿಯಲ್ಲಿ ಬಾಗಿ ಚಿಗುರು ಕೀಳುತ್ತಿದ್ದ ಕೂಲಿಯ ಮೇಲೆ ತಿರುಗಿತು. ತಾನು ತಿಂದ ಪೆಟ್ಟು ಎಷ್ಟೇ ನಿಜವಾಗಿದ್ದರೂ ಅದಕ್ಕೆ ತನಗಿಂತ ಬಡವನ ಓಟು ಕಿತ್ತುಕೊಳ್ಳುವುದು ಪರಿಹಾರವಲ್ಲ ಅಂತ ಹೇಳುವವರು ಆಗಲೂ ಇದ್ದರು. ಎಡಪಕ್ಷದ ಎನ್.ಎಂ. ಪೆರೇರ, ಪೀಟರ್ ಕೆನಮನ್ ಸಂಸತ್ತಿನಲ್ಲಿ ವಿರೋಧಿಸಿದರು. ಉತ್ತರದ ತಮಿಳರ ಪಕ್ಷ ಈ ವಿಷಯಕ್ಕೇ ಒಡೆಯಿತು. ಚೆಲ್ವನಾಯಕಂ ಹೊರಗೆ ಬಂದು 1949ರ ಡಿಸೆಂಬರಿನಲ್ಲಿ ಹೊಸ ಪಕ್ಷ ಕಟ್ಟಿದರು. ಇವತ್ತು ಇವರ ಓಟು, ನಾಳೆ ನಮ್ಮ ಭಾಷೆ ಎಂಬ ಭಯ ಅವರದ್ದು. 1956ರಲ್ಲಿ ಸಿಂಹಳ ಮಾತ್ರ ಆಡಳಿತ ಭಾಷೆ ಅಂತ ಕಾನೂನು ಬಂತು.

ಈಗ ಭಾರತದ ಕಡೆ ಬರೋಣ. ನೆಹರೂ ಅವರ ನಿಲುವು ಸರಳವಾಗಿತ್ತು. ತಲೆಮಾರುಗಳಿಂದ ಅಲ್ಲಿ ಇರುವವರು ಅಲ್ಲಿನವರೇ. ಅವರಾಗಿ ಬಯಸಿದರೆ ಬೇರೆ ಮಾತು, ಇಲ್ಲದಿದ್ದರೆ ಅವರು ಭಾರತದ ಪ್ರಜೆಗಳಲ್ಲ. ನ್ಯಾಯದ ಮಾತೇ. ಆದರೆ ಎರಡು ದೇಶಗಳು ಇವರು ನಮ್ಮವರಲ್ಲ ಅನ್ನುತ್ತಿರುವಾಗ ಮಧ್ಯದಲ್ಲಿ ಇದ್ದವರ ಗತಿ? ಪಾಸ್‌ಪೋರ್ಟ್ ಇಲ್ಲ. ಸರ್ಕಾರಿ ಕೆಲಸ ಇಲ್ಲ. ಸರ್ಕಾರ ಹಂಚುವ ಭೂಮಿ ಇಲ್ಲ.

ನೆಹರೂ ತೀರಿಕೊಂಡ ಐದು ತಿಂಗಳಿಗೆ ಒಪ್ಪಂದ ಆಯಿತು. 1964ರ ಅಕ್ಟೋಬರ್ 30. ಸಹಿ ಹಾಕಿದವರು ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ. ಒಟ್ಟು 9,75,000 ಜನ ಎಂದು ಲೆಕ್ಕ. ಅದರಲ್ಲಿ 5,25,000 ಜನರನ್ನು ಭಾರತ ಕರೆದುಕೊಳ್ಳಬೇಕು, 3,00,000 ಜನಕ್ಕೆ ಸಿಲೋನ್ ಪೌರತ್ವ ಕೊಡಬೇಕು. ಉಳಿದ 1,50,000 ಜನರನ್ನು ಆಮೇಲೆ ನೋಡೋಣ ಅಂತ ಬಿಟ್ಟರು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಅವರನ್ನು 75,000ದಂತೆ ಅರ್ಧರ್ಧ ಹಂಚಿಕೊಂಡರು. 1964ರ ಒಪ್ಪಂದದಲ್ಲಿ ಇದ್ದದ್ದು ಹದಿನೈದು ವರ್ಷದಲ್ಲಿ ಮುಗಿಸುವುದು, ಏಳು ಜನ ಹಡಗು ಹತ್ತಿದರೆ ನಾಲ್ಕು ಜನಕ್ಕೆ ಅಲ್ಲಿ ಪೌರತ್ವ ಎಂಬ ಅನುಪಾತ. ಶಾಸ್ತ್ರಿಯವರ ಬಗ್ಗೆ ನನಗೆ ಗೌರವ ಇದೆ. ಆದರೂ ಈ ಅಂಕಿಗಳನ್ನು ಓದುವಾಗ ಅಡಿಕೆ ಮಂಡಿಯಲ್ಲಿ ಮೂಟೆ ಹಂಚಿದ ಹಾಗೆ ಅನಿಸುತ್ತದೆ. ಆ ಒಂಬತ್ತೂಮುಕ್ಕಾಲು ಲಕ್ಷ ಜನರಲ್ಲಿ ಯಾರನ್ನೂ ಯಾರೂ ಕೇಳಿರಲಿಲ್ಲ. ಕೇಳಲು ಅವರ ಪರವಾಗಿ ಸಂಸತ್ತಿನಲ್ಲಿ ಆರಿಸಿ ಬಂದವರು ಇರಬೇಕಿತ್ತು. ಅದನ್ನು ಹದಿನೈದು ವರ್ಷ ಮೊದಲೇ ಕಿತ್ತುಕೊಂಡಾಗಿತ್ತು ಅಲ್ವಾ?

ಅರ್ಜಿ ಕರೆದಾಗ ಇಲ್ಲೇ ಇರುತ್ತೇವೆ ಅಂದವರು ಹೆಚ್ಚು, ಸಿಲೋನ್ ಒಪ್ಪಿಕೊಂಡ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು. ಅಜ್ಜಿಯ ಮಾತಿನಲ್ಲಿ ಹೇಳುತ್ತೇನೆ: "ನಾವು ಬಂದಿಲ್ಲ ಟೀಚರ್, ಕಳಿಸಿದ್ರು. ನಾನು ಊರು ಅಂತ ನೋಡಿದ್ದು ಅದೊಂದೇ."

ಒಂದೇ ಮನೆಯಲ್ಲಿ ಅಣ್ಣನಿಗೆ ಒಂದು ದೇಶ, ತಮ್ಮನಿಗೆ ಇನ್ನೊಂದು. 70ರ ದಶಕದ ಆರಂಭದಲ್ಲಿ ತೋಟಗಳಲ್ಲಿ ಹಸಿವು ಬಂತು. 1974ರ ಸುಮಾರಿಗೆ ಹಿಟ್ಟು, ಅಕ್ಕಿ ಸಿಗದೆ ಜನ ಸತ್ತರು. ಇದೇ ಕಾಲಕ್ಕೆ ತೋಟಗಳನ್ನು ಸರ್ಕಾರ ವಹಿಸಿಕೊಂಡಿತು, ಎಷ್ಟೋ ಕಡೆ ಇವರನ್ನು ಹೊರಗೆ ಹಾಕಿದರು. ಹೋಗುವುದಿಲ್ಲ ಅಂತ ಕೂತಿದ್ದವರೂ ಎದ್ದರು. ಕಂಡಿಯಲ್ಲಿದ್ದ ಭಾರತದ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೊಟ್ಟರು. ರೈಲಿನಲ್ಲಿ ತಲೈಮನ್ನಾರ್, ಅಲ್ಲಿಂದ ಹಡಗಿನಲ್ಲಿ ರಾಮೇಶ್ವರ, ಅಲ್ಲಿಂದ ಮಂಡಪಂ ಶಿಬಿರ. ಅಜ್ಜಿ 1974ರಲ್ಲಿ ಬಂದದ್ದು, ಗಂಡ ಮತ್ತು ಇಬ್ಬರು ಮಕ್ಕಳ ಜೊತೆ. ಬದುಳ್ಳ ಸ್ಟೇಷನ್ನಿನಲ್ಲಿ ತಮ್ಮ ರೈಲಿನ ಜೊತೆ ಸ್ವಲ್ಪ ದೂರ ಓಡಿ ಬಂದನಂತೆ. ಅವನ ಹೆಸರೂ ಭಾರತದ ಪಟ್ಟಿಯಲ್ಲೇ ಇತ್ತು, ಸರದಿ ಬಂದಿರಲಿಲ್ಲ. ಮುಂದಿನ ವರ್ಷ ಬರುತ್ತೇನೆ ಅಂದಿದ್ದ.

ಬಂದವರಿಗೆ ಕೆಲಸ ಕೊಡಬೇಕಿತ್ತು. ಅವರಿಗೆ ಗೊತ್ತಿದ್ದದ್ದು ತೋಟದ ಕೆಲಸ. ತಮಿಳುನಾಡು ನೀಲಗಿರಿಯಲ್ಲಿ ಸರ್ಕಾರಿ ಚಹಾ ತೋಟ ಮಾಡಿತು. ಕೇರಳ ಪುನಲೂರಿನಲ್ಲಿ ರಬ್ಬರ್ ಹಾಕಿತು. ಕರ್ನಾಟಕ ಸುಳ್ಯ ಮತ್ತು ಪುತ್ತೂರಿನ ಕಾಡಿನಲ್ಲಿ ರಬ್ಬರ್ ಬೆಳೆಸಿತು. ಅದನ್ನು ನೋಡಿಕೊಳ್ಳುವುದು ಅರಣ್ಯ ಅಭಿವೃದ್ಧಿ ನಿಗಮ. ಐವರ್ನಾಡು, ಮೇದಿನಡ್ಕ ಕಡೆ ನೀವು ನೋಡುವ ಆ ಸಾಲು ಮರಗಳಿಗೆ ಕೈ ಹಚ್ಚಿದವರು ಇವರು. ಚಹಾ ಕೀಳುತ್ತಿದ್ದ ಕೈ ರಬ್ಬರ್ ಚಾಕು ಹಿಡಿಯಲು ಕಲಿಯಿತು. ಸಿಲೋನಿನ ಲಯ ಹೋಯಿತು, ಇಲ್ಲಿ ಮತ್ತೆ ಸಾಲು ಮನೆ. ಆ ಮಳೆ, ಆ ಜಿಗಣೆ ಮಾತ್ರ ಎರಡೂ ಕಡೆ ಒಂದೇ ಅಂತ ಅಜ್ಜಿ ಹೇಳುತ್ತಿದ್ದರು.

ಇಲ್ಲಿ ಓಟು ಸಿಕ್ಕಿತು. ಅದು ಸಣ್ಣ ಮಾತಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಅಜ್ಜಿಯ ಮೊಮ್ಮಗಳು 1996ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಒಳ್ಳೆಯ ಮಾರ್ಕು. ಕಾಲೇಜಿಗೆ ಸೇರಬೇಕು, ವಿದ್ಯಾರ್ಥಿ ವೇತನಕ್ಕೆ ಜಾತಿ ಪ್ರಮಾಣಪತ್ರ ಬೇಕು. ಅವರು ಪರಿಶಿಷ್ಟ ಜಾತಿಯವರು. ನಾನೇ ಜೊತೆಗೆ ಹೋದೆ, ಕಚೇರಿ ಯಾವುದು ಅಂತ ಹೇಳುವುದಿಲ್ಲ. ಅಲ್ಲಿದ್ದವರು ಕಡತ ತಿರುವಿ ನೋಡಿ ಒಂದು ಪ್ರಶ್ನೆ ಕೇಳಿದರು. "1950ರಲ್ಲಿ ಇವರ ಅಜ್ಜ ಎಲ್ಲಿದ್ದರು?"

ನನಗೆ ಅಲ್ಲೇ ಮೈ ಜುಂ ಅಂತು. ಅದೇ ಪ್ರಶ್ನೆ! ಅಲ್ಲಿ ಸಮುದ್ರದ ಆಚೆ, ಅಜ್ಜಿಯ ಓಟು ಕಿತ್ತುಕೊಂಡ ಪ್ರಶ್ನೆ.

ಇದಕ್ಕೂ ಕಾನೂನು ಇದೆ. ಪರಿಶಿಷ್ಟ ಜಾತಿಗಳ ಪಟ್ಟಿ ಬಂದದ್ದು 1950ರ ರಾಷ್ಟ್ರಪತಿ ಆದೇಶದಲ್ಲಿ. ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಆ ದಿನ ನಿಮ್ಮ ಮನೆತನ ಯಾವ ರಾಜ್ಯದಲ್ಲಿತ್ತೋ ಆ ರಾಜ್ಯದ ಪಟ್ಟಿ ನಿಮಗೆ. ಆಮೇಲೆ ವಲಸೆ ಹೋದರೆ ಹೊಸ ರಾಜ್ಯದಲ್ಲಿ ಆ ಸವಲತ್ತು ಸಿಗುವುದಿಲ್ಲ. ಈ ಹುಡುಗಿಯ ಅಜ್ಜ 1950ರಲ್ಲಿ ಭಾರತದಲ್ಲೇ ಇರಲಿಲ್ಲ. ಆಗ ಅವರು ಸಿಲೋನಿನಲ್ಲಿ, ಯಾವ ದೇಶದವರೂ ಅಲ್ಲದೆ ಇದ್ದರು. ಇವಳಾದರೋ ಸುಳ್ಯದಲ್ಲಿ ಹುಟ್ಟಿದವಳು. ಕನ್ನಡದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆದವಳು. ಹೊರಗೆ ತುಳು, ಮನೆಯಲ್ಲಿ ತಮಿಳು. ಜಾತಿಯ ಅವಮಾನ ಮಾತ್ರ ಅವರ ಜೊತೆ ಹಡಗು ಹತ್ತಿ ಹೋಗಿ, ಹಡಗು ಹತ್ತಿ ವಾಪಸು ಬಂದಿತ್ತು. ಅದಕ್ಕೆ ಯಾರೂ 1950ರ ದಾಖಲೆ ಕೇಳಲಿಲ್ಲ.

ಇನ್ನೊಂದು ಯೋಚನೆ ಮಾಡಿ. ನಮ್ಮ ಸುಳ್ಯ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಆ ಪ್ರಮಾಣಪತ್ರ ಇಲ್ಲದಿದ್ದರೆ ಕಾಲೊನಿಯ ದಲಿತ ತನ್ನದೇ ಕ್ಷೇತ್ರದಲ್ಲಿ ಓಟು ಹಾಕಬಹುದು, ನಿಲ್ಲುವ ಹಾಗಿಲ್ಲ. ಪೌರತ್ವ ಅಂದರೆ ಇದೆ ಅಥವಾ ಇಲ್ಲ ಎಂದು ಎರಡೇ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಅರ್ಧ ಕೊಟ್ಟು ಅರ್ಧ ಹಿಡಿದುಕೊಳ್ಳುವುದಕ್ಕೂ ಸಾಧ್ಯ.

ಆ ಹುಡುಗಿ ಕಾಲೇಜು ಸೇರಿದಳು. ವೇತನ ಸಿಗಲಿಲ್ಲ. ಅವಳ ಅಮ್ಮ ಎರಡು ವರ್ಷ ಭಾನುವಾರವೂ ಬೇರೆಯವರ ತೋಟದಲ್ಲಿ ಅಡಿಕೆ ಸುಲಿದರು.

ಅತ್ತ ಸಿಲೋನಿನಲ್ಲಿ, ಅಂದರೆ ಅಷ್ಟರಲ್ಲಿ ಶ್ರೀಲಂಕಾ ಆದ ದೇಶದಲ್ಲಿ, ಸ್ವಲ್ಪ ಸ್ವಲ್ಪವೇ ಬಾಗಿಲು ತೆರೆಯಿತು. 1977ರಲ್ಲಿ ತೊಂಡಮಾನ್ ಮತ್ತೆ ಗೆದ್ದು ಬಂದರು, 30 ವರ್ಷದ ಮೇಲೆ. ಮರುವರ್ಷ ಮಂತ್ರಿಯಾದರು. ಪೌರತ್ವ ಪಡೆದವರ ಓಟು ಆಗ ಎಲ್ಲರಿಗೂ ಬೇಕಾಗಿತ್ತು. 1986ರಲ್ಲಿ ಒಂದು, 1988ರಲ್ಲಿ ಒಂದು ಕಾಯ್ದೆ ಬಂದು ಇನ್ನಷ್ಟು ಜನ ಒಳಗೆ ಬಂದರು. ಆದರೆ ಭಾರತಕ್ಕೆ ಅರ್ಜಿ ಹಾಕಿ ಹೋಗದೆ ಉಳಿದವರು ಹಾಗೇ ಉಳಿದರು. ಯುದ್ಧ ಶುರುವಾಗಿ ಹಡಗು ನಿಂತಿತ್ತು. ಅಜ್ಜಿಯ ತಮ್ಮ ಅವರಲ್ಲಿ ಒಬ್ಬ.

ಕೊನೆಗೆ 2003ರ ಅಕ್ಟೋಬರಿನಲ್ಲಿ ಶ್ರೀಲಂಕಾದ ಸಂಸತ್ತು ಒಂದು ಕಾಯ್ದೆ ಮಾಡಿತು. 1964ರ ಅಕ್ಟೋಬರ್ 30ರಿಂದ ಅಲ್ಲಿ ಇರುವ ಭಾರತ ಮೂಲದವರು, ಅವರ ಮಕ್ಕಳು, ಮೊಮ್ಮಕ್ಕಳು ಶ್ರೀಲಂಕಾದ ಪೌರರು. ತೋಟ ತೋಟಕ್ಕೆ ಹೋಗಿ ಅರ್ಜಿ ತುಂಬಿಸಿದರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಜೊತೆಗಿತ್ತು. ಹತ್ತೇ ದಿನದಲ್ಲಿ 1,90,000 ಜನರಿಗೆ ಪೌರತ್ವ ಸಿಕ್ಕಿತು.

ಹತ್ತು ದಿನ! ಇದನ್ನು ಓದಿದಾಗ ನಾನು ಖುಷಿಪಟ್ಟೆ, ಆಮೇಲೆ ತುಂಬಾ ಹೊತ್ತು ಅಳು ಬಂತು. ಹತ್ತು ದಿನದಲ್ಲಿ ಆಗುವ ಕೆಲಸಕ್ಕೆ 55 ವರ್ಷ ಕಾಯಿಸಿದರಲ್ಲ. ಆಗ ಬದಲಾದದ್ದು ಒಂದೇ. ಅಜ್ಜನ ಹುಟ್ಟಿದ ಊರಿನ ಕಾಗದ ತಾ ಅನ್ನುವ ಬದಲು, ನೀನು ಇಲ್ಲಿ ಇದ್ದೀಯಾ ಅಂತ ಕೇಳಿದರು.

ಸಿಕ್ಕ ಮೇಲೂ ಎಲ್ಲ ಸರಿಹೋಗಲಿಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮ ಪಂಚಾಯತಿಯಂಥ ಅಲ್ಲಿನ ಪ್ರಾದೇಶಿಕ ಸಭೆಗಳ 1987ರ ಕಾನೂನಿನಲ್ಲಿ ತೋಟದ ಒಳಗಿನ ರಸ್ತೆ, ನೀರಿಗೆ ಸಭೆಯ ಹಣ ಖರ್ಚು ಮಾಡಲು ಅಡ್ಡಿ ಇತ್ತು. ತಿದ್ದಿದ್ದು 2018ರಲ್ಲಿ. 2023ರಲ್ಲಿ ಅವರು ಬಂದು 200 ವರ್ಷವಾಯಿತು ಅಂತ ತಲೈಮನ್ನಾರಿನಿಂದ ಮಾತಳೆಯವರೆಗೆ ನಡೆದರು, ಮುತ್ತಜ್ಜಂದಿರು ನಡೆದ ಅದೇ ದಾರಿಯಲ್ಲಿ. ಈಗ ಅವರು ತಮ್ಮನ್ನು ಮಲೆಯಗ ತಮಿಳರು ಅಂತ ಕರೆದುಕೊಳ್ಳುತ್ತಾರೆ. ಮಲೆಯವರು. ಮಲೆನಾಡು ಅನ್ನುವ ನಮಗೆ ಆ ಪದ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಯುದ್ಧದ ಕಾಲದಲ್ಲಿ ಓಡಿ ಬಂದು ತಮಿಳುನಾಡಿನ ಶಿಬಿರಗಳಲ್ಲಿ ಇರುವವರಲ್ಲೂ ಸಾವಿರಾರು ಜನ ಇದೇ ಮಲೆಯವರು. 2019ರ ಪೌರತ್ವ ತಿದ್ದುಪಡಿಯಲ್ಲಿ ಶ್ರೀಲಂಕಾದ ಹೆಸರಿಲ್ಲ.

ಸಭೆಯ ಕೊನೆಗೆ ಒಬ್ಬ ಯುವಕ ಎದ್ದು, ಇದೆಲ್ಲ ಬೇರೆ ದೇಶದ ಹಳೆಯ ಕಥೆ ಅಲ್ವಾ ಮೇಡಂ, ನಮಗೆ ಹುಟ್ಟಿದರೆ ಸಾಕಲ್ಲ ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮ ಕಾನೂನಿನಲ್ಲೂ ಅದು ಒಂದು ಕಾಲಕ್ಕೆ ಸಾಕಾಗಿತ್ತು. 1987ರ ಜುಲೈ 1ಕ್ಕಿಂತ ಮೊದಲು ಈ ನೆಲದಲ್ಲಿ ಹುಟ್ಟಿದವರು ಅಷ್ಟಕ್ಕೇ ಭಾರತದ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರ ಮೇಲೆ ಹುಟ್ಟಿದವರಿಗೆ ಇನ್ನೂ ಬಿಗಿ, ಒಬ್ಬರು ಪ್ರಜೆ ಆಗಿದ್ದರೆ ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಕೂಡದು. ಅಂದರೆ ನಮ್ಮ ಮಕ್ಕಳ ವಿಷಯದಲ್ಲೂ ಅಪ್ಪ ಅಮ್ಮನ ಪ್ರಶ್ನೆ ಒಳಗೆ ಬಂದಾಗಿದೆ. ಆದರೆ ನಮಗೆ ಒಂದು ಗಟ್ಟಿ ಆಸರೆ ಇದೆ. 1995ರಲ್ಲಿ ಸುಪ್ರೀಂ ಕೋರ್ಟ್ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಹೇಳಿತು. ಮತದಾರರ ಪಟ್ಟಿಯಲ್ಲಿ ಮೊದಲೇ ಹೆಸರು ಇದ್ದರೆ, ಸರಿಯಾಗಿ ನೋಡಿಯೇ ಸೇರಿಸಿದ್ದಾರೆ ಅಂತ ತಿಳಿಯಬೇಕು. ತೆಗೆಯುವ ಮೊದಲು ನೋಟಿಸ್ ಕೊಟ್ಟು, ಏನು ಅನುಮಾನ ಅಂತ ತಿಳಿಸಿ, ಅವರ ಮಾತು ಕೇಳಬೇಕು. ನಾನು ಆ ಹುಡುಗನಿಗೆ ಹೇಳಿದ್ದು, ಪಟ್ಟಿ ಪರಿಷ್ಕರಣೆಗೆ ಬಂದಾಗ ನಿನ್ನ ಹೆಸರು ಮಾತ್ರ ನೋಡಬೇಡ, ಕಾಲೊನಿಯ ಅಜ್ಜಿಯರ ಹೆಸರೂ ನೋಡು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅಜ್ಜಿಯ ಹೆಸರು ಒಂದು ಸಲ ತಮಿಳಿನ ಹಾಗೆ, ಒಂದು ಸಲ ಕನ್ನಡದ ಹಾಗೆ, ಒಂದು ಸಲ ಅಪ್ಪನ ಹೆಸರು ಮುಂದೆ ಸೇರಿಸಿ, ಮೂರು ಕಡೆ ಮೂರು ರೀತಿ ಇತ್ತು.

ಇನ್ನೊಂದೇ ವಿಷಯ.

2004ರ ಮಳೆಗಾಲದಲ್ಲಿ ಒಂದು ದಿನ ಆ ಹುಡುಗಿ ನಮ್ಮ ಮನೆಗೆ ಬಂದು ಅಜ್ಜಿ ಕರೆಯುತ್ತಿದ್ದಾರೆ ಅಂದಳು. ಹೋದೆ. ಶ್ರೀಲಂಕಾದಿಂದ ತಮ್ಮನ ಕಾಗದ ಬಂದಿತ್ತು. ಅಜ್ಜಿಗೆ ಆಗ 78. ಕಣ್ಣು ಮಂಜಾಗಿತ್ತು. ಮೊಮ್ಮಗಳು ತಮಿಳಿನಲ್ಲಿ ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ತೋಟದ ಆಫೀಸಿನ ಮುಂದೆ ಮೇಜು ಹಾಕಿ ಅರ್ಜಿ ಬರೆಸಿಕೊಂಡರು. ಕಾಗದ ಕೈಗೆ ಬಂತು. ಏಪ್ರಿಲಿನಲ್ಲಿ ಚುನಾವಣೆ ಆಯಿತು, ಹೋಗಿ ಓಟು ಹಾಕಿದೆ, ಕಾಲು ನೋವಿದ್ದರೂ ನಡೆದೇ ಹೋದೆ ಅಂತ ಬರೆಸಿದ್ದ. ಅವನಿಗೆ ಆಗ 69. ಅದು ಅವನ ಮೊದಲ ಓಟು.

ಜೊತೆಗೆ ಒಂದು ಫೋಟೊ. ಮುದುಕ ಎಡಗೈ ಮುಂದೆ ಹಿಡಿದು ನಿಂತಿದ್ದಾನೆ. ಅವರಲ್ಲಿ ಶಾಯಿ ಹಾಕುವುದು ಕಿರುಬೆರಳಿಗೆ. ಆ ಸಲ ನಮ್ಮಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಲೋಕಸಭೆ ಚುನಾವಣೆ ಆಗಿತ್ತು. ಅಜ್ಜಿ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ತಮ್ಮ ತೋರುಬೆರಳನ್ನು ಅದರ ಪಕ್ಕ ಇಟ್ಟು, ನನ್ನನ್ನು ಕೇಳಿದರು.

"ನಂದು ಇನ್ನೂ ಕಾಣ್ತದಾ ಟೀಚರ್?"

ಉಗುರಿನ ತುದಿಯಲ್ಲಿ ಒಂದು ಸಣ್ಣ ಕಪ್ಪು ಉಳಿದಿತ್ತು. ಕಾಣುತ್ತದೆ ಅಂದೆ.